ಮೇಡಂ ಹೇಳಿದ್ದು ಸರಿ

ನವೆಂಬರ್ ೯, ಭಾನುವಾರ ಬೆಳಿಗ್ಗೆ

ಮುದ್ದಿನ ಮರಿಗೆ,

ಅಕ್ಕನ ಅಕ್ಕರೆಯ ನೆನಪುಗಳು. ಉತ್ತರ ತಡವಾಯಿತು, ಕ್ಷಮಿಸು. ನಿನ್ನ ಕಾಗದ ಬಂದು ಇವತ್ತಿಗೆ ಇಪ್ಪತ್ತಾರು ದಿನ. ಕೈಚೀಲದಲ್ಲಿಟ್ಟುಕೊಂಡು ಮನೆಗೂ ಕಚೇರಿಗೂ ಹೊತ್ತು ತಿರುಗಿ ಮಡಿಕೆಗಳೆಲ್ಲ ಹರಿಯುವ ಹಾಗಾಗಿವೆ. ಕೆಲಸ ಜಾಸ್ತಿ ಇತ್ತು ಎಂದು ಮೊದಲು ಬರೆದೆ, ಆಮೇಲೆ ಹೊಡೆದುಹಾಕಿದೆ. ಅಂಥ ಕೆಲಸವೇನೂ ಇರಲಿಲ್ಲ.

ನೀವೆಲ್ಲ ಹೇಗಿದ್ದೀರಿ? ಮಗಳ ಮುಂದಿನ ಹಲ್ಲು ಬಿದ್ದು, ಈಗ ಅವಳು 'ಸ' ಎಂದರೆ ಸೀಟಿ ಬರುತ್ತದೆ ಎಂದು ಬರೆದಿದ್ದೀಯ. ಓದಿ ಒಬ್ಬಳೇ ನಕ್ಕೆ. ಕನ್ನಡಕದ ಅಂಗಡಿಗೆ ಗಾಜು ಕೊರೆಯುವ ಹೊಸ ಯಂತ್ರ ಬಂದದ್ದು ಒಳ್ಳೆಯದಾಯಿತು, ಇನ್ನಾದರೂ ನಿನ್ನ ಬೆರಳುಗಳು ಉಳಿಯಲಿ. ನಮ್ಮಲ್ಲಿ ವಿಶೇಷವೇನಿಲ್ಲ. ನಿನ್ನ ಭಾವನಿಗೆ ಮತ್ತೆ ಬೆನ್ನುನೋವು. ಕುರ್ಚಿ ಬದಲಾಯಿಸಿ ಎಂದರೆ ಹೆಂಡತಿಯನ್ನೇ ಬದಲಾಯಿಸಿ ಎಂದ ಹಾಗೆ ಮುಖ ಮಾಡುತ್ತಾರೆ.

ಇನ್ನು ನೀನು ಕೇಳಿದ ಮಾತು. ಆಸ್ಪತ್ರೆಯಲ್ಲಿ ಕೊನೆಯ ಮೂರು ದಿನ ಅಪ್ಪ 'ಮೇಡಂ ಬಂದ್ರಾ?' ಎಂದು ಕೇಳುತ್ತಲೇ ಇದ್ದರು, ನರ್ಸು ಹತ್ತಿರ ಹೋದರೆ 'ಇವರಲ್ಲ' ಎಂದು ಮುಖ ತಿರುಗಿಸುತ್ತಿದ್ದರು, ಯಾರಕ್ಕಾ ಆ ಮೇಡಂ ಎಂದು ಕೇಳಿದ್ದೀಯ. ನಿನ್ನ ಗಂಡನಿಗೆ ಕಾಲೇಜಿನ ಪ್ರಯೋಗಶಾಲೆಯ ಆ ಒಂಟಿ ಅಧ್ಯಾಪಕಿಯ ಮೇಲೆ ಅನುಮಾನವಂತೆ, ಅಪ್ಪ ರಿಪೇರಿ ಮಾಡುತ್ತಿದ್ದ ಆಕೆಯ ತಕ್ಕಡಿ ವರ್ಷಕ್ಕೆ ನಾಲ್ಕು ಸಲ ಕೆಡುತ್ತಿತ್ತಂತೆ. ಅಪ್ಪನ ಹಣೆಯಲ್ಲಿ ಅಷ್ಟು ಸುಖ ಬರೆದಿರಲಿಲ್ಲ ಎಂದು ಅವನಿಗೆ ಹೇಳು. ಆ ಮೇಡಂ ನಾನು.

ಹೇಗೆ ಎಂದು ಮೊದಲಿನಿಂದ ಹೇಳುತ್ತೇನೆ. ಕಾಗದ ಕೆಳಗಿಡದೆ ಓದು.

ಅಮ್ಮ ಹೋದ ವರ್ಷ ನಿನಗೆ ನೆನಪಿರಬೇಕು. ಅಷ್ಟರಲ್ಲಿ ಎಲ್ಲೆಡೆ ವಿದ್ಯುತ್ ತಕ್ಕಡಿಗಳು ಬಂದು ಅಪ್ಪನ ಕೆಲಸ ಮುಕ್ಕಾಲು ಪಾಲು ಇಲ್ಲವಾಗಿತ್ತು. ಗಾಜಿನ ಪೆಟ್ಟಿಗೆಯೊಳಗಿನ ಹಳೆಯ ಸೂಕ್ಷ್ಮ ತಕ್ಕಡಿಗಳನ್ನು ಇಟ್ಟುಕೊಂಡಿದ್ದವರು ಒಂದೆರಡು ಕಾಲೇಜು, ಒಂದು ಔಷಧದ ಕಾರ್ಖಾನೆ, ಅಷ್ಟೆ. ಆದರೂ ಬೆಳಿಗ್ಗೆ ಒಂಬತ್ತಕ್ಕೆ ಅಂಗಡಿಯ ಬಾಗಿಲು ತೆಗೆದು, ಮೇಜು ಒರೆಸಿ, ಕೆಡದ ತಕ್ಕಡಿಯನ್ನೇ ಬಿಚ್ಚಿ ಮತ್ತೆ ಜೋಡಿಸುತ್ತ ಕೂರುತ್ತಿದ್ದರು. ನಾವು ಚಿಕ್ಕವರಿದ್ದಾಗ ಆ ಮೇಜಿನ ಹತ್ತಿರ ಉಸಿರಾಡಲೂ ಬಿಡುತ್ತಿರಲಿಲ್ಲವಲ್ಲ, ಮುಳ್ಳು ಅಲುಗುತ್ತದೆ ಎಂದು.

ಆ ವರ್ಷ ಒಂದು ಮಧ್ಯಾಹ್ನ ನಾನು ಅಂಗಡಿಗೆ ಹೋಗಿದ್ದೆ. ಕೈಯಲ್ಲಿ ಹಿತ್ತಾಳೆಯ ತೂಕದ ಬೊಟ್ಟು ಹಿಡಿದುಕೊಂಡು ಅಪ್ಪ ಕೇಳಿದರು, ನೀನು ಅಣುವಿನೊಳಗೆ ಏನೇನೋ ಹುಡುಕುತ್ತೀಯಲ್ಲ, ಇದಕ್ಕೆ ಭಾರ ಎಲ್ಲಿಂದ ಬಂತು ಹೇಳು ಎಂದು. ನಾನು ಕ್ಯಾಲೆಂಡರಿನ ಹಿಂಭಾಗದಲ್ಲಿ ಚಿತ್ರ ಬರೆದು ವಿವರಿಸಿದೆ. ಹಿತ್ತಾಳೆಯ ಭಾರ ಹೆಚ್ಚೂಕಡಿಮೆ ಪೂರ್ತಿ ಅದರ ಪ್ರೋಟಾನು, ನ್ಯೂಟ್ರಾನುಗಳದು. ಒಂದೊಂದರೊಳಗೂ ಮೂರು ಕ್ವಾರ್ಕುಗಳು. ಆ ಮೂರರ ಭಾರ ಕೂಡಿಸಿದರೆ ನೂರಕ್ಕೆ ಒಂದು ಪಾಲಿನಷ್ಟೇ ಆಗುತ್ತದೆ. ಉಳಿದದ್ದೆಲ್ಲ ಅವುಗಳ ಓಟ, ಅವುಗಳನ್ನು ಕಟ್ಟಿ ಹಿಡಿದ ಬಲದ ಶಕ್ತಿ. ಅಪ್ಪ ಆ ಬೊಟ್ಟನ್ನು ತಿರುಗಿಸಿ ನೋಡಿದರು.

"ಹಾಗಾದ್ರೆ ಇಷ್ಟು ವರ್ಷ ನಾನು ತೂಗಿದ್ದು ವಸ್ತುನಲ್ಲ, ಅದರೊಳಗಿನ ಗಲಾಟೆನಾ?" ಎಂದರು. ಅಮ್ಮ ಹೋದ ಮೇಲೆ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಎಲೆಕ್ಟ್ರಾನಿನ ವಿಷಯವನ್ನೂ ಹೇಳಿದೆ. ಅದಕ್ಕೆ ಇಬ್ಬರು ದಾಯಾದಿಗಳಿದ್ದಾರೆ, ಮ್ಯೂಆನ್ ಮತ್ತು ಟಾವ್. ಗುಣದಲ್ಲಿ ಮೂವರೂ ಒಂದೇ ಅಚ್ಚು. ಭಾರದಲ್ಲಿ ಮಾತ್ರ ಎರಡನೆಯದು ಮೊದಲಿನದರ ಇನ್ನೂರೇಳು ಪಟ್ಟು, ಮೂರನೆಯದು ಮೂರು ಸಾವಿರದ ನಾನೂರ ಎಪ್ಪತ್ತೇಳು ಪಟ್ಟು. ಈ ಕಣಗಳಿಗೆ ಭಾರ ಬರುವುದು ಜಗತ್ತನ್ನೆಲ್ಲ ತುಂಬಿರುವ ಒಂದು ಕ್ಷೇತ್ರದಿಂದ. ಆದರೆ ಯಾರಿಗೆ ಎಷ್ಟು ಎನ್ನುವುದನ್ನು ನಮ್ಮ ಸಿದ್ಧಾಂತ ಹೇಳುವುದಿಲ್ಲ, ಅಳೆದು ನೋಡಿ ಆ ಅಂಕಿಯನ್ನು ನಾವೇ ಸಮೀಕರಣದಲ್ಲಿ ತುಂಬುತ್ತೇವೆ. ಅಪ್ಪನಿಗೆ ಇದನ್ನು ಕೇಳಿ ಅವಮಾನವಾದ ಹಾಗಾಯಿತು. ಇಷ್ಟು ಓದಿದವರು ಕಾರಣ ಗೊತ್ತಿಲ್ಲದೆ ಅಂಕಿ ಬರೆದುಕೊಳ್ಳುತ್ತೀರಾ ಎಂದು ಎರಡು ಸಲ ಕೇಳಿದರು.

ಮುಂದಿನ ನಾಲ್ಕು ವರ್ಷ ಅವರು ಆ ಕಾರಣವನ್ನೇ ಹುಡುಕಿದರು. ಶಾಲೆಯ ಮಕ್ಕಳ ನೋಟ್‌ಬುಕ್ಕುಗಳನ್ನು ನೀನೇ ತಂದುಕೊಡುತ್ತಿದ್ದೆ. ವರ್ಗಮೂಲ, ಘಾತ, ಲಾಗರಿದಮ್ಮು, ಎಲ್ಲ ಕಲಿತರು. ಬೆಳಕು ಎಲೆಕ್ಟ್ರಾನನ್ನು ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆ ಎಂದು ಹೇಳುವ ಸ್ಥಿರಾಂಕವೊಂದಿದೆ, ನೂರ ಮೂವತ್ತೇಳರಲ್ಲಿ ಒಂದು ಪಾಲು. ಮೊದಲ ಎರಡು ಕಣಗಳ ಭಾರ, ಈ ನೂರ ಮೂವತ್ತೇಳು, ನಡುವೆ ಮೂರು ವರ್ಗಮೂಲ ಸೇರಿಸಿ ಒಂದು ಸೂತ್ರ ಮಾಡಿದರು. ಅದರಿಂದ ಮೂರನೆಯದರ ಭಾರ ನಾಲ್ಕನೆಯ ಅಂಕಿಯವರೆಗೆ ಸರಿಯಾಗಿ ಬರುತ್ತಿತ್ತು. ಇಂಥವು ಬರುತ್ತವೆ, ಮರಿ. ಮೂಲ, ಘಾತಗಳನ್ನು ಬೇಕಾದ ಹಾಗೆ ಜೋಡಿಸುತ್ತ ಹೋದರೆ ನಿನ್ನ ಫೋನ್ ನಂಬರನ್ನೂ ತರಿಸಬಹುದು. ಆದರೆ ಅಪ್ಪ ಅದನ್ನು ಹನ್ನೊಂದು ಪುಟ ಅಂದವಾಗಿ ಬರೆದು ನಮ್ಮ ಭೌತವಿಜ್ಞಾನ ಸಂಸ್ಥೆಯ ವಿಳಾಸಕ್ಕೆ ಕಳಿಸಿದರು. ನನಗೆ ಮುಜುಗರವಾಗಬಾರದೆಂದು ನನ್ನ ಹೆಸರಿಗೆ ಕಳಿಸಲಿಲ್ಲ.

ನಮ್ಮಲ್ಲಿಗೆ ಇಂಥ ಕಾಗದಗಳು ವಾರಕ್ಕೆ ಎರಡು ಮೂರು ಬರುತ್ತವೆ. ನಿವೃತ್ತ ಎಂಜಿನಿಯರುಗಳು, ದಂತವೈದ್ಯರು, ಒಬ್ಬ ಪೊಲೀಸ್ ಅಧಿಕಾರಿ, ಎಲ್ಲರೂ ಬ್ರಹ್ಮಾಂಡವನ್ನು ಬಗೆಹರಿಸಿರುತ್ತಾರೆ. ಚಹಾ ಕುಡಿಯುವ ಕೋಣೆಯಲ್ಲಿ ಬಿಸ್ಕತ್ತಿನ ಹಳೆಯ ಡಬ್ಬಿಯೊಂದಿದೆ, ಅದರ ಮೇಲೆ 'ರತ್ನಗಳು' ಎಂದು ಬರೆದಿದೆ. ಶುಕ್ರವಾರ ಚಹಾದ ಹೊತ್ತಿಗೆ ನಮ್ಮ ಗುಂಪಿನ ಮುಖ್ಯಸ್ಥರು ಅದರಿಂದ ಒಂದನ್ನು ತೆಗೆದು ಓದುತ್ತಾರೆ. ಅವರ ಓದು ನಾಟಕದವರನ್ನು ನಾಚಿಸುವಂಥದು. ಆ ಶುಕ್ರವಾರ ಅವರು ಹಾಳೆ ಬಿಡಿಸಿದ್ದೇ, ಎದುರು ಕೂತಿದ್ದ ನನಗೆ ಬೆಳಕಿನಲ್ಲಿ ಹಿಂಬದಿಯಿಂದಲೇ ಅಪ್ಪನ ಅಕ್ಷರ ಕಂಡಿತು. ಏಳಕ್ಕೆ ಸೊಂಟದಲ್ಲಿ ಅಡ್ಡಗೆರೆ ಹಾಕುವುದು, ತೂಕದ ಚೀಟಿಗಳಲ್ಲಿ ಬರೆದ ಹಾಗೆ ಪ್ರತಿ ಅಂಕಿಯನ್ನೂ ಬಿಡಿಸಿ ಬರೆಯುವುದು. 'ನಾನು ತಕ್ಕಡಿ ರಿಪೇರಿಯವನು, ತಪ್ಪಿದ್ದರೆ ದಯವಿಟ್ಟು ತಿದ್ದಿ' ಎಂಬ ಸಾಲನ್ನು ಮುಖ್ಯಸ್ಥರು ಅಳುವ ದನಿಯಲ್ಲಿ ಓದಿದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಮದುವೆಯಾದ ಮೇಲೆ ನನ್ನ ಹೆಸರು ಬೇರೆ, ಅಪ್ಪ ಏನು ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ ಅಳತೆಯ ಉಪಕರಣಗಳ ಉದ್ಯಮ ಎನ್ನುತ್ತಿದ್ದೆ. ಹಾಗಾಗಿ ಯಾರೂ ನನ್ನ ಕಡೆ ನೋಡಲಿಲ್ಲ.

ಓದಿ ಮುಗಿಸಿ ಮುಖ್ಯಸ್ಥರು ಇವರನ್ನು ಕರೆಸೋಣ ಎಂದರು. ಎಲ್ಲರೂ ದುಡಿದು ದಣಿದಿದ್ದೀರಿ, ಒಂದು ಮನರಂಜನೆ ಆಗಲಿ ಎಂದರು. ಸಂಸ್ಥೆಯ ಮುದ್ರೆ ಒತ್ತಿದ ಆಹ್ವಾನ ಹೋಯಿತು. ಅಪ್ಪ ಅವತ್ತು ನಿನಗೆ ಫೋನ್ ಮಾಡಿ ಓದಿ ಹೇಳಿದರಲ್ಲ, ನೀನು ಕನ್ನಡಕದ ಅಂಗಡಿಯಲ್ಲೇ ಅತ್ತುಬಿಟ್ಟೆಯಲ್ಲ, ಆ ಕಾಗದ. ಅದು ಹುಟ್ಟಿದ್ದು ಬಿಸ್ಕತ್ತಿನ ಡಬ್ಬಿಯಿಂದ.

ನನಗೂ ಫೋನ್ ಮಾಡಿದರು. ನೀನೇನಾದರೂ ಶಿಫಾರಸು ಮಾಡಿದೆಯಾ ಎಂದು ಕೇಳಿದರು. ಇಲ್ಲ ಎಂದೆ. ಬರಬೇಡಿ ಅಪ್ಪ, ಇದು ತಮಾಷೆಗೆ ಕರೆದದ್ದು ಎಂದು ಹೇಳಲು ಎಷ್ಟು ಉಸಿರು ಬೇಕಿತ್ತು? ಆ ತಿಂಗಳು ನನ್ನ ಬಡ್ತಿಯ ಸಮಿತಿ ಕೂರುವುದಿತ್ತು, ಜಾಗ ಒಂದೇ, ಸಮಿತಿಗೆ ಇದೇ ಮುಖ್ಯಸ್ಥರು ಅಧ್ಯಕ್ಷರು. "ಬನ್ನಿ ಅಪ್ಪ. ಆದ್ರೆ ಅಲ್ಲಿ ನಾನು ನಿಮ್ಮ ಮಗಳು ಅಂತ ಹೇಳೋದು ಬೇಡ, ಶಿಫಾರಸಿನ ಮೇಲೆ ಕರೆದ್ರು ಅಂದ್ಕೋತಾರೆ" ಎಂದೆ. ಅಪ್ಪನಿಗೆ ಈ ಮಾತು ಎಷ್ಟು ಹಿಡಿಸಿತೆಂದರೆ, ಹೌದು ಹೌದು, ಅದೇ ನ್ಯಾಯ, ಸೂತ್ರ ತನ್ನ ಕಾಲ ಮೇಲೆ ನಿಲ್ಲಬೇಕು ಎಂದು ಬಹಳ ಹೊತ್ತು ನನ್ನನ್ನೇ ಹೊಗಳಿದರು.

ನೀನು ತೋಳು ಚಿಕ್ಕದು ಮಾಡಿಕೊಟ್ಟ ಕೋಟು ಹಾಕಿಕೊಂಡು ಬಂದರು. ಕೈಯಲ್ಲಿ ಮರದ ಪೆಟ್ಟಿಗೆ, ಅದರಲ್ಲಿ ಅಂಗೈಯಗಲದ ತಕ್ಕಡಿ. ನಮ್ಮ ಉಪನ್ಯಾಸಗಳಿಗೆ ಹನ್ನೆರಡು ಜನ ಬಂದರೆ ಹೆಚ್ಚು, ಅವತ್ತು ಕಿಟಕಿಯ ಕಟ್ಟೆಯ ಮೇಲೂ ಕೂತಿದ್ದರು. ಜನ ನೋಡಿ ಅಪ್ಪ ಕೋಟಿನ ಗುಂಡಿ ಹಾಕಿಕೊಂಡರು. ಬಾಗಿಲಲ್ಲಿ ಎಲ್ಲರಿಗೂ ಒಂದೊಂದು ಹಾಳೆ ಹಂಚಿದ್ದರು, ನನ್ನ ಕೈಗೂ ಬಂತು. ಹದಿನಾರು ಚೌಕ, ಒಂದೊಂದರಲ್ಲೂ ಇಂಥ ಜನ ಸಾಮಾನ್ಯವಾಗಿ ಆಡುವ ಒಂದೊಂದು ಮಾತು. 'ನಾನು ಹೆಚ್ಚು ಓದಿದವನಲ್ಲ.' 'ಇಷ್ಟು ವರ್ಷ ದುಡಿದಿದ್ದೇನೆ.' 'ಮನೆಯವರ ಪ್ರಸ್ತಾಪ.' ಅಪ್ಪ ಆ ಮಾತು ಆಡಿದ ಕೂಡಲೇ ಗುರುತು ಹಾಕಬೇಕು. ಮೊದಲು ಒಂದು ಸಾಲು ತುಂಬಿಸಿದವರು ಗೆದ್ದ ಹಾಗೆ.

ಅಪ್ಪ ಶುರು ಮಾಡಿದ್ದೇ, ನಾನು ಹೆಚ್ಚು ಓದಿದವನಲ್ಲ ಎಂದು. ನಲವತ್ತು ಪೆನ್ನುಗಳು ಒಟ್ಟಿಗೆ ಬಗ್ಗಿದವು. ಅಪ್ಪ ಅದನ್ನು ನೋಡಿದರು. ಮುಂದಿನ ವಾಕ್ಯಕ್ಕೂ ಕೆಲವರು ಬಗ್ಗಿದರು. ಆಗ ಅವರ ಮುಖದಲ್ಲಿ ಬಂದ ಬೆಳಕನ್ನು ನಾನು ಬರೆದು ತೋರಿಸಲಾರೆ. ಇವರೆಲ್ಲ ತಮ್ಮ ಮಾತನ್ನು ಬರೆದುಕೊಳ್ಳುತ್ತಿದ್ದಾರೆ ಎಂದುಕೊಂಡರು, ಮರಿ.

"ಬರ್ಕೊಳ್ಳಿ, ಬರ್ಕೊಳ್ಳಿ, ನಾನು ನಿಧಾನವಾಗೇ ಹೇಳ್ತೀನಿ" ಎಂದರು.

ಅಲ್ಲಿಂದ ಮುಂದೆ ಒಂದೊಂದು ವಾಕ್ಯ ಹೇಳಿ ಪೆನ್ನುಗಳು ನಿಲ್ಲುವವರೆಗೆ ಕಾಯುತ್ತಿದ್ದರು. ತಕ್ಕಡಿಯಲ್ಲಿ ಹಿತ್ತಾಳೆಯ ಬೊಟ್ಟು ಇಟ್ಟು, ಈ ಭಾರದಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಬರೀ ಒಳಗಿನ ಓಡಾಟ, ಇದನ್ನು ನನಗೆ ಹೇಳಿಕೊಟ್ಟವಳು ನನ್ನ ದೊಡ್ಡ ಮಗಳು ಎಂದರು. ಕೊಟ್ಟ ಮಾತಿಗೆ ತಪ್ಪದೆ, ನನ್ನ ಕಡೆ ಒಮ್ಮೆಯೂ ತಿರುಗಲಿಲ್ಲ. ಪಕ್ಕದಲ್ಲಿದ್ದ ಸಹೋದ್ಯೋಗಿ 'ಮನೆಯವರ ಪ್ರಸ್ತಾಪ'ಕ್ಕೆ ಗುರುತು ಹಾಕಿ, ನಾನು ಹಾಕಿಲ್ಲವೆಂದು ಮೊಣಕೈಯಿಂದ ತಿವಿದು ನೆನಪಿಸಿದಳು. ನಾನೂ ಹಾಕಿದೆ.

ಕೊನೆಗೆ ಪ್ರಶ್ನೆಗಳು. ಯಾರಿಗೂ ಪ್ರಶ್ನೆ ಇರಲಿಲ್ಲ, ನಗು ತಡೆದುಕೊಳ್ಳುವುದೇ ಅವರ ಕೆಲಸವಾಗಿತ್ತು. ಮುಖ್ಯಸ್ಥರು ನನ್ನ ಕಡೆ ಕೈ ತೋರಿಸಿ, ಕಣಗಳ ಭಾರದ ವಿಷಯದಲ್ಲಿ ನಮ್ಮ ತಜ್ಞರು ಇವರು, ಏನಾದರೂ ಕೇಳಲಿ ಎಂದರು. ಅವರಿಗೆ ಗೊತ್ತಿತ್ತೋ ಇಲ್ಲವೋ, ಇವತ್ತಿಗೂ ನನಗೆ ತಿಳಿಯದು. ಚೆನ್ನಾಗಿತ್ತು, ಧನ್ಯವಾದ ಎಂದು ಕೂರಬಹುದಿತ್ತು. ಎದ್ದು ನಿಂತು ಕೇಳಿದೆ. ಈ ಸ್ಥಿರಾಂಕಗಳು ನಾವು ನೋಡುವ ಶಕ್ತಿಯ ಮಟ್ಟ ಬದಲಾದ ಹಾಗೆ ತಾವೂ ಸ್ವಲ್ಪ ಬದಲಾಗುತ್ತವೆ, ನೂರ ಮೂವತ್ತೇಳು ಎನ್ನುವುದು ಕೆಳಗಿನ ಮಟ್ಟದಲ್ಲಿ ಮಾತ್ರ, ಮೇಲೆ ಹೋದರೆ ನೂರ ಇಪ್ಪತ್ತೆಂಟಕ್ಕೆ ಇಳಿಯುತ್ತದೆ, ಭಾರಗಳೂ ಜರುಗುತ್ತವೆ, ನಿಮ್ಮ ಸೂತ್ರ ಯಾವ ಮಟ್ಟದ್ದು ಎಂದು.

ಅಪ್ಪ ಸೀಮೆಸುಣ್ಣ ಹಿಡಿದುಕೊಂಡು ನಿಂತರು. ಹಲಗೆಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಆ ಕೋಣೆಯಲ್ಲಿ ನನ್ನ ಬಡ್ತಿ ತೂಗುತ್ತಿದೆ ಎಂದು ನನಗೆ ಅನ್ನಿಸಿತು. ನಮಗೆ ಅಂಗಡಿಯಲ್ಲಿ ಅಪ್ಪ ಕಲಿಸಿದ್ದು ಒಂದೇ ಪಾಠವಲ್ಲವೇ, ತೂಕ ಬರೆದರೆ ಪಕ್ಕದಲ್ಲಿ ಆ ಹೊತ್ತಿನ ಉಷ್ಣಾಂಶ ಬರೆಯಬೇಕು, ಇಲ್ಲದಿದ್ದರೆ ಆ ಅಂಕಿಗೆ ಬೆಲೆಯಿಲ್ಲ ಎಂದು. ಅದನ್ನೇ ಎತ್ತಿ ಅವರ ಮೇಲೆ ಎಸೆದೆ.

"ಯಾವ ಸ್ಥಿತಿಯಲ್ಲಿ ಅಳೆದಿದ್ದು ಅಂತ ಬರೀದೆ ಅಂಕಿ ಬರಿಯೋ ತಪ್ಪನ್ನ ತಕ್ಕಡಿ ರಿಪೇರಿಯವರೂ ಮಾಡೋದಿಲ್ಲ" ಎಂದೆ.

ತಡೆದಿಟ್ಟುಕೊಂಡಿದ್ದ ನಗು ಒಟ್ಟಿಗೆ ಒಡೆಯಿತು. ಅದು ನಿಲ್ಲುವವರೆಗೆ ಅಪ್ಪ ಕಾದರು, ಪೆನ್ನುಗಳಿಗೆ ಕಾದ ಹಾಗೆಯೇ.

"ಮೇಡಂ ಹೇಳಿದ್ದು ಸರಿ. ಇದನ್ನ ನಾನು ಮೊದಲೇ ಕೇಳ್ಬೇಕಿತ್ತು" ಎಂದರು.

ಆಮೇಲೆ ಹಲಗೆಯನ್ನು ತಾವೇ ಒರೆಸಿದರು. ನೆಲಕ್ಕೆ ಬಿದ್ದ ಸುಣ್ಣದ ಪುಡಿಯನ್ನು ಕರವಸ್ತ್ರದಲ್ಲಿ ಒತ್ತಿ ತೆಗೆದರು. ತಕ್ಕಡಿಯ ತಟ್ಟೆ ಬಿಚ್ಚಿ, ಕಾಗದ ಸುತ್ತಿ, ಪೆಟ್ಟಿಗೆಯಲ್ಲಿಟ್ಟರು. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಯಾರದೋ ಚೌಕಗಳು ತುಂಬಿ ಅವರಿಗೆ ಬಹುಮಾನವಾಗಿ ಚಾಕೊಲೇಟು ಕೊಟ್ಟರು. ಹೊರಗೆ ಹೋಗುವಾಗ ನಾನು ಮುಖ್ಯಸ್ಥರ ಜೊತೆ ಬಾಗಿಲ ಹತ್ತಿರ ನಿಂತಿದ್ದೆ. ಬರ್ತೀನಿ ಮೇಡಂ ಎಂದು ಹೇಳಿ ಅಪ್ಪ ನನ್ನ ಪಕ್ಕದಲ್ಲೇ ಹಾದುಹೋದರು. ಬಸ್ ನಿಲ್ದಾಣಕ್ಕೆ ಹತ್ತು ನಿಮಿಷದ ದಾರಿ. ನಾನು ಜೊತೆಗೆ ಹೋಗಲಿಲ್ಲ. ಮುಖ್ಯಸ್ಥರು ನನ್ನ ಪ್ರಶ್ನೆಯನ್ನು ಮೆಚ್ಚಿಕೊಳ್ಳುತ್ತಿದ್ದರು.

ಬಡ್ತಿ ಬಂತು. ನೀನು ಕೇಕು ಕಳಿಸಿದ್ದೆ.

ಮಾರನೆಯ ದಿನ ಅಪ್ಪನಿಗೆ ಫೋನ್ ಮಾಡಿದಾಗ, ಹೇಳಿ ಮೇಡಂ ಎಂದರು. ಚುಚ್ಚುತ್ತಿದ್ದಾರೆ ಎಂದುಕೊಂಡೆ, ಬೈದರೆ ಬೈಸಿಕೊಳ್ಳೋಣ ಎಂದು ಕಾದೆ. ದನಿಯಲ್ಲಿ ಸಿಟ್ಟಿರಲಿಲ್ಲ. ಅವರು ಒಂದು ಅಳತೆಯಲ್ಲಿ ದೋಷ ಕಂಡರೆ ಹೊಸದನ್ನು ಬರೆದುಕೊಂಡು ಹಳೆಯದನ್ನು ಮರೆತುಬಿಡುವವರು. ನನ್ನ ವಿಷಯದಲ್ಲೂ ಹಾಗೆಯೇ ಮಾಡಿದರು. ಮತ್ತೆ ಎಂದೂ ನನ್ನನ್ನು ಮನೆಯ ಹೆಸರಿನಿಂದ ಕರೆಯಲಿಲ್ಲ. ನಿನ್ನ ಮುಂದೆ ಮಾತ್ರ ಯಾವ ಹೆಸರನ್ನೂ ಹೇಳದೆ ಜಾಣತನದಿಂದ ತಪ್ಪಿಸಿಕೊಳ್ಳುತ್ತಿದ್ದರು. ಆಮೇಲೆ ಅಂಗಡಿ ಮುಚ್ಚಿ ನಿನ್ನ ಮನೆಗೆ ಬಂದರಲ್ಲ, ನಾನು ಬಂದಾಗಲೆಲ್ಲ ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದರಲ್ಲ, ನೀನು ನಗುತ್ತ, ನೋಡಕ್ಕಾ, ನಿನ್ನ ಕಂಡ್ರೆ ಎಷ್ಟು ಹೆಮ್ಮೆ ಎನ್ನುತ್ತಿದ್ದೆ. ನಾನು ಕೂರುವವರೆಗೆ ಅವರು ಕೂರುತ್ತಿರಲಿಲ್ಲ. ಮೆದುಳಿನಲ್ಲಿ ರಕ್ತ ಕಟ್ಟಿದ ಮೇಲೆ ನಿನ್ನನ್ನು ಮರಿ ಎಂದು ಗುರುತಿಸುತ್ತಿದ್ದವರು ನನ್ನನ್ನು ನಿಜವಾಗಿಯೇ ಯಾರೋ ದೊಡ್ಡವರು ಎಂದುಕೊಂಡಿದ್ದರು. ಮರೆವು ಬಂದು ಮರೆತದ್ದೋ, ಬೇಕೆಂದು ಶುರು ಮಾಡಿದ್ದು ಅಭ್ಯಾಸವಾಯಿತೋ, ವೈದ್ಯರನ್ನು ಕೇಳಲು ನನಗೆ ಬಾಯಿ ಬರಲಿಲ್ಲ.

ನಿನಗೆ ಅರ್ಥವಾಗದೆ ನನಗೆ ಕಳಿಸಿದ ಆ ದಪ್ಪ ನೋಟ್‌ಬುಕ್ಕನ್ನು ಪೂರ್ತಿ ಓದಿದೆ. ಆ ಉಪನ್ಯಾಸದ ನಂತರ ಹದಿನಾಲ್ಕು ತಿಂಗಳು ಬರೆದದ್ದು. ಯಾವುದೋ ಗ್ರಂಥಾಲಯದಿಂದ ಪುಸ್ತಕ ತಂದು, ಒಂದೊಂದು ಸ್ಥಿರಾಂಕವೂ ಶಕ್ತಿಯ ಜೊತೆ ಹೇಗೆ ಬದಲಾಗುತ್ತದೆ ಎಂದು ತಾವೇ ಲೆಕ್ಕ ಹಾಕಿದ್ದಾರೆ. ಅಲ್ಲಲ್ಲಿ ತಪ್ಪಿದೆ, ಮೂರು ಪುಟ ಆದ ಮೇಲೆ ತಾವೇ ಹಿಡಿದು ತಿದ್ದಿದ್ದಾರೆ. ಸ್ನಾತಕೋತ್ತರ ವಿದ್ಯಾರ್ಥಿಗಳು ಎಡವುವ ಕಡೆ ಅವರು ಎಡವಿಲ್ಲ. ಕೊನೆಯ ಪುಟದಲ್ಲಿ ಆರು ಮಟ್ಟಗಳಿಗೆ ಸೂತ್ರವನ್ನು ಇಟ್ಟು ನೋಡಿ, ಆರರಲ್ಲೂ ತಾಳೆಯಾಗುವುದಿಲ್ಲ ಎಂದು ಬರೆದು, ದಿನಾಂಕ ಹಾಕಿ ಸಹಿ ಮಾಡಿದ್ದಾರೆ. ಕೊನೆಯ ಮೂರು ದಿನ ಮೇಡಂ ಬಂದ್ರಾ ಎಂದು ಕೇಳಿದ್ದು ಅದನ್ನು ತೋರಿಸಲಿಕ್ಕಿರಬೇಕು. ನಾನು ಆಗ ಸಮ್ಮೇಳನದಲ್ಲಿದ್ದೆ. ಇನ್ನೆರಡು ದಿನ ತಡೆಯುತ್ತಾರೆ ಎಂದುಕೊಂಡಿದ್ದೆ.

ಇಷ್ಟು, ಮರಿ. ನಿನ್ನ ಗಂಡನಿಗೆ ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು. ನಿನ್ನ ಮಗಳು ಚೆನ್ನಾಗಿ ಬೆಳೆಯಲಿ, ಹೊಸ ಹಲ್ಲು ನೆಟ್ಟಗೆ ಬರಲಿ. ನಿನ್ನ ಕಣ್ಣು, ಕೈ, ಮನೆ ಎಲ್ಲ ತಣ್ಣಗಿರಲಿ. ಅಪ್ಪನನ್ನು ನೋಡಿಕೊಂಡ ಪುಣ್ಯ ಪೂರ್ತಿ ನಿನ್ನದೇ, ಅದರಲ್ಲಿ ನನಗೆ ಪಾಲು ಬೇಡ.

ನಿನ್ನ
ಅಕ್ಕ

ಮತ್ತೊಂದು ಮಾತು. ಕಾಗದ ಮಡಿಸಿದ ಮೇಲೆ ಬಿಚ್ಚಿ ಬರೆಯುತ್ತಿದ್ದೇನೆ. ಮೇಲೆ ಬರೆದದ್ದೆಲ್ಲ ನಿಜ, ಆದರೆ ಒಂದನ್ನು ಬಿಟ್ಟಿದ್ದೇನೆ. ಆ ಸೂತ್ರವನ್ನು ನಾನು ಮೊದಲು ನೋಡಿದ್ದು ಚಹಾದ ಕೋಣೆಯಲ್ಲಲ್ಲ. ಅಪ್ಪ ಲೆಕ್ಕ ಶುರು ಮಾಡಿದ ಎರಡನೆಯ ತಿಂಗಳೇ ನಮ್ಮ ಮನೆಗೆ ಬಂದು, ಅಡುಗೆಮನೆಯ ಮೇಜಿನ ಮೇಲೆ ಅದರ ಮೊದಲ ರೂಪವನ್ನು ಬರೆದು ತೋರಿಸಿದ್ದರು. ತಪ್ಪೆಲ್ಲಿದೆ ಎಂದು ಅರ್ಧ ನಿಮಿಷದಲ್ಲಿ ನನಗೆ ಕಂಡಿತು. ಆ ಸಭೆಯಲ್ಲಿ ಕೇಳಿದ ಪ್ರಶ್ನೆ ನನ್ನ ಬಾಯಲ್ಲಿ ಆಗಲೇ ಸಿದ್ಧವಾಗಿತ್ತು. "ತಪ್ಪಿದ್ರೆ ಈಗ್ಲೇ ಹೇಳು ಪುಟ್ಟಿ, ಬಿಟ್ಟುಬಿಡ್ತೀನಿ" ಎಂದು ಎರಡು ಸಲ ಕೇಳಿದರು. ಅಮ್ಮ ಹೋದ ಮೇಲೆ ಅವರು ನನಗೆ ದಿನಕ್ಕೆ ನಾಲ್ಕು ಐದು ಸಲ ಫೋನ್ ಮಾಡುತ್ತಿದ್ದರು, ಏನು ತಿಂದೆ, ಎಷ್ಟು ಹೊತ್ತಿಗೆ ಬಂದೆ ಎಂದು. ನನಗೆ ಸಾಕಾಗಿತ್ತು. ಸರಿಯಾಗಿದೆ ಅಪ್ಪ, ಬಿಡಬೇಡಿ, ಮುಂದುವರಿಸಿ ಎಂದೆ. ಆ ವಾರದಿಂದ ಫೋನುಗಳು ನಿಂತವು. ನನಗೆ ಹಾಯೆನಿಸಿತು, ಮರಿ.